ಕಡ್ಡಿ ತೆಗೆದಿಟ್ಟ ಸ್ವೆಟರ್

"ಅಪ್ಪಾ, ಕೇಳಿದ್ಯಾ? ಈ ವರ್ಷ ಅಮ್ಮ ನಮಗ್ಯಾರಿಗೂ ಏನೂ ಹೆಣೆದುಕೊಡಲ್ವಂತೆ!"

ಅಪ್ಪ ಆಗಷ್ಟೇ ಒಂದು ಕಾಲಿನ ಬೂಟು ಬಿಚ್ಚಿದ್ದ. ಲಿಫ್ಟ್ ರಿಪೇರಿ ಅವನ ಕೆಲಸ. ಹೊಸ ವರ್ಷದ ಕುಣಿತ ಮುಗಿಸಿ ಇಳಿಯುತ್ತಿದ್ದವರು ಯಾವುದೋ ಹೋಟೆಲಿನ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರಿಂದ ಬೆಳಗಿನವರೆಗೂ ಅಲ್ಲೇ ಇದ್ದು, ಈಗ ನಮ್ಮ ಮನೆಯ ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದ. ಊರಿನ ಲಿಫ್ಟುಗಳನ್ನೆಲ್ಲ ಓಡಿಸುವವನ ಮನೆಗೇ ಲಿಫ್ಟಿಲ್ಲ ಅನ್ನುವುದು ನಮ್ಮ ಬೀದಿಯ ಹಳೇ ಜೋಕು.

"ಯಾಕೆ, ಕೈಗೇನಾಯ್ತು ಅವಳಿಗೆ?"

"ಕೈಗೇನೂ ಆಗಿಲ್ಲ. ಗುರಿ ಇಟ್ಕೊಂಡಿದಾಳೆ."

"ಯಾರ ಮೇಲೆ?"

"ನಿಮ್ಮ ಮೇಲಲ್ಲ, ಹೆದರ್ಬೇಡಿ," ಅಡುಗೆಮನೆಯಿಂದ ಅಮ್ಮನ ದನಿ ಬಂತು. "ಕೈ ತೊಳ್ಕೊಂಡು ಬನ್ನಿ, ಮೊಟ್ಟೆ ಆರ್ತಿದೆ. ಹಾಗೇ ಬಚ್ಚಲು ನೋಡಿ. ನೀರು ಹೋಗ್ತಾನೇ ಇಲ್ಲ. ಸ್ನಾನ ಮಾಡಿದ್ರೆ ಕಾಲು ಮುಳುಗೋಷ್ಟು ನಿಲ್ಲುತ್ತೆ."

"ನಾಳೆ ನೋಡ್ತೀನಿ," ಅಂದ ಅಪ್ಪ. ಇದು ಹೋದ ವರ್ಷದಿಂದ ಬಂದ ನಾಳೆ.

ನಾಲ್ಕೂ ಜನ ಮೇಜಿಗೆ ಕೂತೆವು. ಹೊಸ ವರ್ಷದ ಬೆಳಗ್ಗೆಯಾದ್ದರಿಂದ ಬ್ರೆಡ್ಡಿಗೆ ಬೆಣ್ಣೆ ಸ್ವಲ್ಪ ಜೋರಾಗಿಯೇ ಬಿದ್ದಿತ್ತು. ಅಮ್ಮ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಥರ ಹೇಳಿದಳು.

"ನನಗೆ ಒಂದು ಸ್ವೆಟರ್. ಮುಂದೆ ಗುಂಡಿ ಇರೋದು, ಎರಡು ಜೇಬು. ಈ ತಿಂಗಳು ಬೆನ್ನಿನ ಭಾಗ ಮುಗೀಬೇಕು, ಬರೋ ತಿಂಗಳು ಮುಂಭಾಗ, ಅದರ ಮುಂದಿನ ತಿಂಗಳು ತೋಳು. ಅದು ಮುಗಿಯೋವರೆಗೂ ಯಾರಿಗೂ ಏನೂ ಇಲ್ಲ. ಇದೇ ನನ್ನ ಈ ವರ್ಷದ ಗುರಿ."

"ಇದ್ದಕ್ಕಿದ್ದ ಹಾಗೆ ಏನು?" ಅಜ್ಜಿ ಕೇಳಿದಳು.

"ಇದ್ದಕ್ಕಿದ್ದ ಹಾಗೇನಲ್ಲ ಅತ್ತೆ. ಲಾಂಡ್ರೀಲಿ ಚಹಾ ಹೊತ್ತಿಗೆ ಎಲ್ಲರೂ ಈ ವರ್ಷ ಏನು ಮಾಡ್ತೀವಿ ಅಂತ ಹೇಳ್ತಿದ್ರು. ಒಬ್ಳು ಸೈಕಲ್ ಕಲೀತಾಳಂತೆ. ಕಾಲರ್ ಅಕ್ಕ ನನ್ನ ಕೇಳಿದ್ಲು, ಇಷ್ಟೆಲ್ಲ ಹೆಣೀತೀಯಲ್ಲ, ನಿನ್ನ ಮೈಮೇಲೆ ಒಂದೂ ನೋಡಿಲ್ವಲ್ಲ ಅಂತ. ನೋಡ್ಕೊಂಡೆ. ಹೌದು, ಇಲ್ಲ."

ಕಾಲರ್ ಅಕ್ಕ ಅಂದರೆ ಅಮ್ಮನ ಪಕ್ಕದ ಮೇಜಿನಲ್ಲಿ ದಿನವಿಡೀ ಶರ್ಟಿನ ಕಾಲರುಗಳನ್ನು ಮಾತ್ರ ಇಸ್ತ್ರಿ ಮಾಡುವವಳು. ಅಮ್ಮನದು ತೋಳು ಮತ್ತು ಬೆನ್ನು.

ನಾನು, ಅಪ್ಪ, ಅಜ್ಜಿ ಮೂವರೂ ಆಗ ಅಮ್ಮ ಹೆಣೆದ ಸ್ವೆಟರುಗಳಲ್ಲೇ ಕೂತಿದ್ದೆವು. ಅಮ್ಮನ ಮೈಮೇಲೆ ಅಪ್ಪನ ಹಳೇ ಕಂಪನಿ ಜಾಕೆಟ್ ಇತ್ತು. ಬೆನ್ನ ಮೇಲೆ 'ಓವರ್‌ಲೋಡ್ ಮಾಡಬೇಡಿ' ಅಂತ ಬರೆದಿತ್ತು.

"ಸರಿ, ಹೆಣ್ಕೋ. ಬೇಡ ಅಂದೋರ್ಯಾರು?" ಅಜ್ಜಿ ಬ್ರೆಡ್ಡನ್ನು ಚಹಾದಲ್ಲಿ ಅದ್ದಿದಳು. "ಆದ್ರೆ ಮಗೂದು ಒಂದು ಮುಗಿಸಿ ಹೆಣ್ಕೋ. ನನ್ನ ಮಗಳಿಗೆ ದಿನ ಹತ್ರ ಬರ್ತಿದೆ. ಟೋಪಿ, ಕಾಲುಚೀಲ, ಪುಟ್ಟದೊಂದು ಕೋಟು. ಅಷ್ಟೇ ತಾನೆ."

"ಅಂಗಡೀಲಿ ಸಿಗುತ್ತೆ ಅತ್ತೆ."

"ಅಂಗಡೀದು!" ಮೋರಿಯಿಂದ ಎತ್ತಿ ತಂದು ಹಾಕಬೇಕು ಅಂದಳೇನೋ ಅನ್ನುವ ಹಾಗಿತ್ತು ಅಜ್ಜಿಯ ಮುಖ. "ನನ್ನ ಮೊದಲನೇ ಮೊಮ್ಮಗು ಅಂಗಡೀದು ಹಾಕ್ಕೋಬೇಕಾ?"

"ನಾನು ಯಾರಜ್ಜಿ ಹಾಗಾದ್ರೆ?" ಅಂದೆ.

"ನೀನು ಗುಬ್ಬಿ. ನೀನು ಲೆಕ್ಕಕ್ಕಿಲ್ಲ. ಸುಮ್ನೆ ತಿನ್ನು."

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಆದರೆ ಲೋಟ ಕೆಳಗಿಟ್ಟು, "ಇಲ್ಲ ಅತ್ತೆ. ಈ ಸಲ ಇಲ್ಲ," ಅಂದಳು. ಅಮ್ಮ ಅಜ್ಜಿಗೆ 'ಇಲ್ಲ' ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಬೆಣ್ಣೆಯ ಡಬ್ಬಿಯ ಮೇಲಿನ ಅಕ್ಷರಗಳನ್ನು ಪರೀಕ್ಷೆಗೆ ಓದುವವನ ಹಾಗೆ ಓದತೊಡಗಿದ.

ಆ ವಾರದ ಕೊನೆಗೆ ಉಣ್ಣೆ ಬಂತು. ದಾಳಿಂಬೆ ಕಾಳಿನ ಬಣ್ಣ. ಸಾಮಾನ್ಯವಾಗಿ ಅಮ್ಮ ತರುತ್ತಿದ್ದದ್ದು ಬೂದು, ಕಂದು, ಕೊಳೆ ಕಾಣದ ನೀಲಿ. ಈ ಉಣ್ಣೆ ಮೇಜಿನ ಮೇಲೆ ಕೂತರೆ ಮನೆಯ ಬೇರೆ ಸಾಮಾನೆಲ್ಲ ಮಾಸಿದ ಹಾಗೆ ಕಾಣುತ್ತಿತ್ತು.

"ಇದನ್ನ ಹಾಕ್ಕೊಂಡು ರಸ್ತೇಲಿ ನಿಂತ್ರೆ ಬಸ್ಸೆಲ್ಲ ನಿಲ್ಲುತ್ತೆ," ಅಪ್ಪ ಅಂದ.

"ನಿಲ್ಲಲಿ. ಬೆಳಗ್ಗೆ ಒಂದೂ ನಿಲ್ಸಲ್ಲ ಅವ್ರು."

ಶುರು ಮಾಡುವ ದಿನ ನಾನು ಕಾಲೇಜಿಗೆ ಓಡುತ್ತಿದ್ದೆ. ಅಮ್ಮ ಕೋಣೆಯಲ್ಲಿ ಅಳತೆ ಟೇಪಿನ ಒಂದು ತುದಿಯನ್ನು ಕಪಾಟಿನ ಬಾಗಿಲಿಗೆ ಸಿಕ್ಕಿಸಿ, ಬೆನ್ನನ್ನು ಅದಕ್ಕೆ ಒರಗಿಸಿ, ಇನ್ನೊಂದು ತುದಿ ಹಿಡಿಯಲು ಕೈಯನ್ನು ಹಿಂದಕ್ಕೆ ತಿರುಚುತ್ತಿದ್ದಳು.

"ಏನಮ್ಮಾ, ಡ್ಯಾನ್ಸಾ?"

"ಬೆನ್ನಳತೆ ಕಣೇ. ಬಾ, ಒಂದು ಚೂರು ಈ ಕಡೆ ಹಿಡಿ."

"ಒಂದ್ನಿಮಿಷ, ಬಂದೆ." ಫೋನು ಬಂತು. ಮಾತಾಡಿಕೊಂಡೇ ಶೂ ಹಾಕಿಕೊಂಡೆ. ತಿರುಗಿ ನೋಡುವಷ್ಟರಲ್ಲಿ ಅಮ್ಮ ಟೇಪು ಸುತ್ತಿಟ್ಟು ಕಡ್ಡಿಗೆ ಕುಣಿಕೆ ಹಾಕುತ್ತಾ ಕೂತಿದ್ದಳು. ನಮ್ಮೆಲ್ಲರ ಅಳತೆಯೂ ಅವಳಿಗೆ ಬಾಯಿಪಾಠ. ಅಪ್ಪನ ಎಡ ತೋಳು ಬಲದ್ದಕ್ಕಿಂತ ಸ್ವಲ್ಪ ಉದ್ದ ಅನ್ನುವುದು ಅಪ್ಪನಿಗೇ ಗೊತ್ತಿರಲಿಲ್ಲ, ಅಮ್ಮನೇ ಹೇಳಿದ್ದು.

ಅಮ್ಮನಿಗೂ ಅಜ್ಜಿಗೂ ನಡುವೆ ಒಂದು ರೂಢಿಯಿತ್ತು. ಅಜ್ಜಿಯ ಕಣ್ಣಿಗೆ ಪೊರೆ ಬಂದು ಹೆಣಿಗೆ ಬಿಟ್ಟ ಮೇಲೆ ಅವಳ ಪಾಲಿಗೆ ಉಳಿದದ್ದು ಬಿಚ್ಚುವ ಕೆಲಸ. ನಮಗೆ ಬಿಗಿಯಾದ ಸ್ವೆಟರು, ಅಳತೆ ತಪ್ಪಿ ಅರ್ಧಕ್ಕೆ ಬಿಟ್ಟ ಹೆಣಿಗೆ, ಎಲ್ಲವನ್ನೂ ಅಮ್ಮ ಅಜ್ಜಿಯ ಮಂಚದ ಪಕ್ಕದ ಬೆತ್ತದ ಬುಟ್ಟಿಗೆ ಹಾಕುತ್ತಿದ್ದಳು. ಅಜ್ಜಿ ಬಿಚ್ಚಿ, ಉಂಡೆ ಸುತ್ತಿ ಕೊಡುತ್ತಿದ್ದಳು. ನಮ್ಮದು ಚಿಕ್ಕ ಮನೆ. ನಡೆಯುತ್ತಿರುವ ಹೆಣಿಗೆಯೂ ಅದೇ ಬುಟ್ಟಿಯಲ್ಲೇ ಇರುತ್ತಿತ್ತು. ವ್ಯತ್ಯಾಸ ಕಡ್ಡಿಯದು. ಕಡ್ಡಿ ಚುಚ್ಚಿದ್ದರೆ ಮುಟ್ಟಬಾರದು. ಕಡ್ಡಿ ತೆಗೆದಿಟ್ಟಿದ್ದರೆ ಬಿಚ್ಚಬಹುದು. ಅವರಿಬ್ಬರೂ ಇದನ್ನು ಯಾವತ್ತೂ ಬಾಯಿಬಿಟ್ಟು ಮಾತಾಡಿದವರಲ್ಲ. ನನಗೂ ಅಪ್ಪನಿಗೂ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಆ ಬುಟ್ಟಿ ನಮಗೆ ಕಾಲಿಗೆ ತೊಡರುವ ವಸ್ತು, ಅಷ್ಟೇ.

ಅಮ್ಮ ಪ್ರತಿ ಸಂಜೆ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಕಿಟಕಿ ಪಕ್ಕ ಕೂರುತ್ತಿದ್ದಳು. ಕೂತ ಕೂಡಲೇ ನಮಗೆಲ್ಲ ಕೆಲಸ ನೆನಪಾಗುತ್ತಿತ್ತು.

"ನನ್ನ ನೀಲಿ ಸ್ವೆಟರ್ ಮೊಣಕೈ ಹತ್ರ ತೂತಾಗಿದೆ ಕಣೇ," ಅನ್ನುತ್ತಿದ್ದ ಅಪ್ಪ.

"ಸೂಜಿ ಡಬ್ಬೀಲಿದೆ."

"ಅಮ್ಮಾ, ನನ್ನ ಫ್ರೆಂಡಿಗೆ ಒಂದು ಮಫ್ಲರ್, ಪ್ಲೀಸ್. ನಿನಗೆ ಒಂದು ಸಂಜೆ ಕೆಲಸ."

"ವರ್ಷದ ಕೊನೇಲಿ ಕೇಳು."

ಅಜ್ಜಿ ನೇರವಾಗಿ ಕೇಳುತ್ತಿರಲಿಲ್ಲ. ಮಂಚದ ಮೇಲೆ ಕೂತು ಗಾಳಿಗೆ ಹೇಳುತ್ತಿದ್ದಳು. "ಹೊಸದಾಗಿ ಹುಟ್ಟಿದ ಮಗೂಗೆ ನೆತ್ತಿ ಬೆಚ್ಚಗಿರ್ಬೇಕು. ಯಾರಿಗೆ ಹೇಳೋದು ಈಗ."

ಕಡ್ಡಿಗಳ ಟಿಕ್ ಟಿಕ್ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಗುತ್ತಿತ್ತು. ಬೆನ್ನು ಸೊಂಟ ದಾಟಿತು, ಕಂಕುಳು ದಾಟಿತು. "ಎಲ್ಲೀವರೆಗೆ ಬಂತು?" ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಕಾಲರ್ ಅಕ್ಕ ದಿನಾ ಕೇಳುತ್ತಾಳೆ ಅಂತ ಅಮ್ಮನೇ ಒಂದು ಸಲ ಹೇಳಿದಳು. ಸೈಕಲ್ ಕಲಿಯುವವಳು ಎರಡು ಸಲ ಬಿದ್ದಳಂತೆ, ಚಹಾ ಹೊತ್ತಿನಲ್ಲಿ ಮಂಡಿ ತೋರಿಸಿದಳಂತೆ.

"ಓ," ಅಂದೆವು ನಾವು.

ಅದು ನಡೆದದ್ದು ತಿಂಗಳ ಕೊನೆಯ ಒಂದು ಶನಿವಾರ. ನಾನು ಕಾಲೇಜಿನಿಂದ ಬಂದಾಗ ಅಜ್ಜಿ ಮಂಚದ ಮೇಲೆ ಕಾಲು ಚಾಚಿ, ತನ್ನ ಹಳೇ ದಪ್ಪ ಕಡ್ಡಿಗಳನ್ನು ಹಿಡಿದು ಹೆಣೆಯುತ್ತಿದ್ದಳು. ಕಣ್ಣು ಕಿಟಕಿಯ ಕಡೆ, ಬೆರಳು ತಮ್ಮ ಪಾಡಿಗೆ ಓಡುತ್ತಿದ್ದವು. ತೊಡೆಯ ಮೇಲೆ ದಾಳಿಂಬೆ ಬಣ್ಣದ ಉಂಡೆ. ಬುಟ್ಟಿಯಲ್ಲಿ ಅಂಥವೇ ಇನ್ನಷ್ಟು ಉಂಡೆಗಳು.

"ನೋಡೇ ಗುಬ್ಬಿ," ಅಜ್ಜಿಯ ಮುಖ ಅರಳಿತ್ತು. "ನಿಮ್ಮಮ್ಮ ಬಾಯಲ್ಲಿ ಹೇಳಲ್ಲ. ಮನಸ್ಸು ಮಾತ್ರ ಬೆಣ್ಣೆ. ಮಗೂಗೆ ಅಂತ ಬಿಟ್ಟುಕೊಟ್ಲು."

"ಹೌದಾ? ಒಳ್ಳೇದಾಯ್ತಲ್ಲ," ಅಂದು ನಾನು ಅಡುಗೆಮನೆಗೆ ಹೋಗಿ ಬಾಳೆಹಣ್ಣು ಸುಲಿದೆ.

ಅಮ್ಮ ಬಂದಳು. ಬಾಗಿಲಲ್ಲೇ ನಿಂತಳು. ಚಪ್ಪಲಿ ಬಿಡಲಿಲ್ಲ.

"ಕೈಯಲ್ಲಿ ಅದೇನತ್ತೆ?"

"ಟೋಪಿ. ಕಣ್ಣು ಮಂಜಾದ್ರೇನು, ಕೈ ಮರೆತಿಲ್ಲ ನೋಡು."

"ಉಣ್ಣೆ ಯಾವುದು?"

"ನೀನೇ ಇಟ್ಟಿದ್ಯಲ್ಲ ಬುಟ್ಟೀಲಿ, ಕಡ್ಡಿ ತೆಗೆದು."

"ನಾನು ತೆಗೆದಿಲ್ಲ."

"ನೀನು ತೆಗೀದೆ ಅವೇ ಎದ್ದು ನಡ್ಕೊಂಡು ಹೋದ್ವಾ?"

"ಕಡ್ಡಿ ಎಲ್ಲಿ ಈಗ?"

"ನನ್ನ ಕೇಳಿದ್ರೆ? ನೀನೇ ತಾನೆ ಎತ್ತಿಟ್ಟಿರ್ಬೇಕು."

ಅಮ್ಮ ಬುಟ್ಟಿಯ ಹತ್ತಿರ ಬಂದು ಬಗ್ಗಿದಳು. ಒಂದು ಉಂಡೆ ಎತ್ತಿ ನೋಡಿದಳು. ಬಿಚ್ಚಿದ ಉಣ್ಣೆ ಹೊಸದರ ಹಾಗಿರುವುದಿಲ್ಲ, ಗುಂಗುರು ಗುಂಗುರಾಗಿರುತ್ತದೆ. ಅದನ್ನು ಹೆಬ್ಬೆರಳಲ್ಲಿ ನೇವರಿಸಿದಳು.

"ಹೆಗಲವರೆಗೂ ಬಂದಿತ್ತು," ಅಂದಳು.

"ನೀನು ಬಿಟ್ಟೆ ಅಂತ ತಾನೆ ನಾನು ಬಿಚ್ಚಿದ್ದು! ಇಷ್ಟು ವರ್ಷದಲ್ಲಿ ಕಡ್ಡಿ ಇದ್ದಾಗ ನಿನ್ನ ಬುಟ್ಟಿ ಮುಟ್ಟಿದೀನಾ? ಒಂದೇ ಒಂದು ಸಲ ಹೇಳು."

"ಇಲ್ಲ. ಈಗ ಮಗಳಿಗೆ ಬೇಕಾಯ್ತು, ಮುಟ್ಟಿದ್ರಿ."

ಅಜ್ಜಿಯ ಕೈಯಿಂದ ಕಡ್ಡಿ ಜಾರಿತು. "ಅಂದ್ರೆ ನಾನು ಕದ್ದೆ. ಕಡ್ಡಿ ಬಚ್ಚಿಟ್ಟೆ. ಅದೂ ಹೇಳ್ಬಿಡು. ಮಗನ ಮನೇಲಿ ಈ ವಯಸ್ಸಲ್ಲಿ ಕಳ್ಳಿ ಅನ್ನಿಸ್ಕೊಂಡೆ."

"ಅಮ್ಮಾ, ಹೋಗ್ಲಿ ಬಿಡು," ನಾನು ಮಧ್ಯೆ ಬಂದೆ, ಬಾಯಲ್ಲಿ ಇನ್ನೂ ಬಾಳೆಹಣ್ಣು. "ಉಣ್ಣೆ ಎಲ್ಲೂ ಹೋಗಿಲ್ವಲ್ಲ. ಮತ್ತೆ ಹೆಣೀಬಹುದು."

ಅಮ್ಮ ನನ್ನ ಮುಖ ನೋಡಿದಳು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಆಲೂಗಡ್ಡೆ ಸುಲಿಯತೊಡಗಿದಳು. ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಸುಲಿದಳು. ಸೋಮವಾರದವರೆಗೂ ನಾವು ಆಲೂಗಡ್ಡೆಯನ್ನೇ ತಿಂದೆವು.

ಅಪ್ಪ ಬಂದಾಗ ಮನೆ ತಣ್ಣಗಿತ್ತು. ತಟ್ಟೆಯ ಮುಂದೆ ಒಬ್ಬನೇ ಕೂತು, "ಯಾಕೆ ಎಲ್ಲರ ಬಾಯಿಗೂ ಬೀಗ?" ಅಂದ.

"ಅಜ್ಜಿ ಅಮ್ಮನ ಸ್ವೆಟರ್ ಬಿಚ್ಚಿ ಮಗೂಗೆ ಟೋಪಿ ಹೆಣೀತಿದಾಳೆ," ನಾನು ಪಿಸುಗುಟ್ಟಿದೆ.

"ಅಯ್ಯಪ್ಪಾ. ಆ ಉಣ್ಣೆ ವಿಷಯಕ್ಕೆ ನಾನು ತಲೆ ಹಾಕಲ್ಲ." ಸ್ವಲ್ಪ ಹೊತ್ತು ತಿಂದ. ಆಮೇಲೆ ದನಿ ಎತ್ತರಿಸಿ, "ಬಚ್ಚಲು ನೋಡಿದ್ರಾ ಯಾರಾದ್ರೂ?" ಅಂದ.

ಅಮ್ಮ ಬಂದು ಅವನ ತಟ್ಟೆಗೆ ಇನ್ನಷ್ಟು ಆಲೂಗಡ್ಡೆ ಹಾಕಿ ಹೋದಳು. ಅವನು ಇನ್ನೊಂದು ಸಲ ಕೇಳಲೂ ಇಲ್ಲ.

ಅದಾದ ಮೇಲೆ ಮನೆ ನಡೆಯುತ್ತಿತ್ತು, ಅಷ್ಟೇ. ಅಮ್ಮ ಬೆಳಗ್ಗೆ ಎಲ್ಲರ ಡಬ್ಬಿ ಕಟ್ಟಿ ಹೋಗುವಳು, ಸಂಜೆ ಬರುವಳು, ಅಡುಗೆ ಮಾಡಿ ಬಡಿಸಿ, ತಾನು ಒಲೆಯ ಹತ್ತಿರ ನಿಂತುಕೊಂಡೇ ಉಣ್ಣುವಳು. "ಬಾ ಕೂತ್ಕೋ" ಅಂದರೆ "ಆಯ್ತು ಮುಗೀತು" ಅನ್ನುವಳು. ಕಿಟಕಿ ಪಕ್ಕದ ಕುರ್ಚಿಯ ಮೇಲೆ ನನ್ನ ಬ್ಯಾಗು, ಅಪ್ಪನ ಟವೆಲ್ಲು ಬಂದು ಕೂತವು. ಉಂಡೆಗಳು ಬುಟ್ಟಿಯಲ್ಲೇ ಇದ್ದವು. ಅಜ್ಜಿ ಟೋಪಿ ಮುಗಿಸಿದಳು, ಆದರೆ ಕೋಟು ಶುರು ಮಾಡಲಿಲ್ಲ. ಟೋಪಿಯನ್ನು ದಿಂಬಿನ ಕೆಳಗಿಟ್ಟಳು. ಅತ್ತೆ ಸೊಸೆ ನನ್ನ ಮೂಲಕ ಮಾತಾಡುತ್ತಿದ್ದರು.

"ಗುಬ್ಬೀ, ಅಜ್ಜಿಗೆ ಅನ್ನ ಸಾಕಾ ಕೇಳು."

"ಗುಬ್ಬೀ, ಸಾಕು ಅಂತ ಹೇಳು."

"ಇಬ್ಬರಿಗೂ ಕೇಳಿಸ್ತಿದೆ ಅಂತ ನಾನು ಹೇಳ್ಲಾ?" ಅಂದೆ. ಇಬ್ಬರೂ ನಗಲಿಲ್ಲ.

ಅಪ್ಪ ಒಂದು ದಿನ ಪೊಟ್ಟಣ ಹಿಡಿದು ಬಂದ. ಅಂಗಡಿಯ ಸ್ವೆಟರ್, ಕೆಂಪು, ಮುಂದೆ ಗುಂಡಿ. "ಮುಗೀತಲ್ಲ ಕಥೆ! ಜೇಬೂ ಇದೆ ನೋಡು," ಅಂದ. ಅಮ್ಮ ಬಿಚ್ಚಿ ನೋಡಿದಳು. ಜೇಬಿನೊಳಗೆ ಬೆರಳು ಹಾಕಿದಳು. ಅದು ಬರೀ ಹೊಲಿದ ಗೆರೆ, ಬೆರಳು ಒಳಗೆ ಹೋಗಲಿಲ್ಲ. ಲಾಂಡ್ರಿಯಲ್ಲಿ ಗಿರಾಕಿಗಳ ಬಟ್ಟೆ ಮಡಿಸುವ ಹಾಗೆ ಮೂಲೆಗೆ ಮೂಲೆ ಕೂಡಿಸಿ ಮಡಿಸಿ, "ಚೆನ್ನಾಗಿದೆ ರೀ. ಬಿಲ್ಲು ಬಿಸಾಕ್ಬೇಡಿ," ಅಂದಳು.

ಒಮ್ಮೆ ಅಮ್ಮ ಊಟದ ಡಬ್ಬಿ ಮರೆತುಹೋದಳು. ಕೊಡಲು ನಾನೇ ಲಾಂಡ್ರಿಗೆ ಹೋದೆ. ಒಳಗೆಲ್ಲ ಹಬೆ, ಮಾರ್ಜಕದ ವಾಸನೆ, ಸಾಲಾಗಿ ನೇತಾಡುವ ಯಾರದೋ ಶರ್ಟುಗಳು. ಚಹಾ ಹೊತ್ತು. ಹೆಂಗಸರು ತಲೆಕೆಳಗು ಮಾಡಿದ ಬುಟ್ಟಿಗಳ ಮೇಲೆ ಕೂತಿದ್ದರು. ಅಮ್ಮನ ಬೆನ್ನು ನನ್ನ ಕಡೆಗಿತ್ತು. ಓವರ್‌ಲೋಡ್ ಮಾಡಬೇಡಿ.

"ನಿನ್ನದು ಎಲ್ಲೀವರೆಗೆ ಬಂತೇ?" ಕಾಲರ್ ಅಕ್ಕ ಕೇಳುತ್ತಿದ್ದಳು.

"ಬಂತು. ತೋಳು ಶುರು ಮಾಡಿದೀನಿ," ಅಮ್ಮ ಅಂದಳು.

"ಅರೆ! ಹೇಳಿದ್ದಕ್ಕಿಂತ ಬೇಗ! ಯಾವತ್ತು ಹಾಕ್ಕೊಂಡು ಬರ್ತೀಯ?"

"ಬರ್ತೀನಿ, ಬರ್ತೀನಿ."

ಕಾಲರ್ ಅಕ್ಕ ನನ್ನನ್ನು ನೋಡಿ, "ಇಗೋ ಮಗಳು ಬಂದ್ಲು. ಏನಮ್ಮಾ, ಅಮ್ಮನ ಸ್ವೆಟರ್ ಹೇಗೆ ಬರ್ತಿದೆ?" ಅಂದಳು. ಅಮ್ಮ ತಿರುಗಿದಳು. ಅವಳ ಕೈಯಲ್ಲಿದ್ದ ಲೋಟದಲ್ಲಿ ಚಹಾ ಇರಲಿಲ್ಲ, ಆಗಲೇ ಕುಡಿದಾಗಿತ್ತು. ಆದರೂ ತುಟಿಗಿಟ್ಟುಕೊಂಡಳು.

"ಸೂಪರಾಗಿ ಬರ್ತಿದೆ ಆಂಟಿ," ಅಂದೆ.

ಆ ಸಂಜೆ ನನ್ನ ತಟ್ಟೆಗೆ ಒಂದು ಮೊಟ್ಟೆ ಜಾಸ್ತಿ ಬಿತ್ತು.

ಮುಂದಿನ ಭಾನುವಾರ ಮಧ್ಯಾಹ್ನ ಅಡುಗೆಮನೆಯ ಸಿಂಕು ಕಟ್ಟಿಕೊಂಡಿತು. ಅಪ್ಪನಿಗೆ ಅಪರೂಪಕ್ಕೆ ರಜೆ. "ತಡಿ ತಡಿ, ನನ್ನ ಹತ್ರ ಇದಕ್ಕಂತಲೇ ಒಂದು ಸಾಮಾನಿದೆ," ಅಂತ ತೋಳು ಮಡಚಿ, ಸಾಮಾನಿನ ಚೀಲ ತಂದು, ಸ್ಪ್ಯಾನರು ಸ್ಕ್ರೂಡ್ರೈವರುಗಳ ನಡುವಿನಿಂದ ಎರಡು ಉದ್ದನೆಯ ಕಡ್ಡಿ ತೆಗೆದ. ಒಂದು ನೆಟ್ಟಗಿತ್ತು. ಇನ್ನೊಂದರ ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿದ್ದ.

ಅಮ್ಮ ಸೌಟು ಹಿಡಿದವಳು ಹಾಗೇ ನಿಂತಳು. "ಎಲ್ಲಿತ್ತು ಇದು?"

"ಇದಾ? ಅಮ್ಮನ ಮಂಚದ ಹತ್ರ, ಬುಟ್ಟೀಲಿ. ಅವತ್ತೊಂದು ಶನಿವಾರ ಬಚ್ಚಲು ಸರಿ ಮಾಡೋಕೆ ತಗೊಂಡೆ. ಒಂದರಲ್ಲಿ ಎತ್ತಿ ಹಿಡಿಯೋದು, ಒಂದರಲ್ಲಿ ಎಳೆಯೋದು. ಎಂಥ ಕೂದಲ ಗಂಟು ಬಂತು ಗೊತ್ತಾ, ಬೆಕ್ಕಿನ ಮರಿ ಇದ್ದ ಹಾಗಿತ್ತು! ಆವತ್ತಿಂದ ನೀರು ಸರಾಗ ಹೋಗ್ತಿದೆ. ಈ ಮನೇಲಿ ಒಬ್ಬರಾದ್ರೂ ಗಮನಿಸಿದ್ರಾ?"

"ಅದರಲ್ಲಿ ಹೆಣಿಗೆ ಇತ್ತಲ್ಲ."

"ಇತ್ತು. ಮೆಲ್ಲಗೆ ಎಳ್ದೆ. ಬಟ್ಟೆ ಹಾಗೇ ಬಿಟ್ಟಿದ್ದೆ, ಹರೀಲಿಲ್ಲ ಗಿರೀಲಿಲ್ಲ. ಯಾಕೆ, ಏನಾಯ್ತು?"

"ತಗೊಂಡ್ಬಾರೋ ಇಲ್ಲಿ ಅದನ್ನ," ಮುಂದಿನ ಕೋಣೆಯಿಂದ ಅಜ್ಜಿ ಕೂಗಿದಳು.

ಅಪ್ಪ ಕೊಟ್ಟ. ಅಜ್ಜಿ ಕಡ್ಡಿಯ ಗುಂಡುತುದಿಯಿಂದ ಕೊಕ್ಕೆಯವರೆಗೆ ಬೆರಳು ಓಡಿಸಿದಳು. "ಹತ್ತನೇ ನಂಬರಿನ ಕಡ್ಡಿ," ಅಂದಳು. "ನಾನೆಲ್ಲಿದ್ದೆ ಆವಾಗ?"

"ನೀನು ಬಾಲ್ಕನೀಲಿ ಬಿಸಿಲು ಕಾಯಿಸ್ತಿದ್ದೆ. ಯಾಕೆ ಹೀಗೆ ನೋಡ್ತೀರಾ ಎಲ್ಲಾ?"

"ಕತ್ತೆ! ಕಡ್ಡಿ ತೆಗೆದಿಟ್ರೆ ಬಿಚ್ಚು ಅಂತ ಕಣೋ ಅರ್ಥ! ನಿನ್ನ ಲಿಫ್ಟಿನ ಹಗ್ಗ ಬಿಚ್ಕೊಂಡು ಬಂದು ನಾನು ಬಟ್ಟೆ ಒಣಹಾಕಿದ್ರೆ ಹೇಗಿರುತ್ತೋ ನಿನಗೆ?"

"ಯಾರಿಗೆ ಗೊತ್ತಿತ್ತು ಅದೆಲ್ಲಾ!" ಅಪ್ಪ ನನ್ನ ಕಡೆ ನೋಡಿದ. ನಾನು ಕೈ ತಿರುವಿದೆ.

ಅಜ್ಜಿ ಅಡುಗೆಮನೆಯ ಬಾಗಿಲ ಕಡೆ ಮುಖ ಮಾಡಿದಳು. ಎಷ್ಟೋ ವಾರದ ಮೇಲೆ ನೇರವಾಗಿ ಅಮ್ಮನಿಗೇ ಹೇಳಿದಳು. "ನೋಡಿದ್ಯಾ? ನಾನು ಬೇಕಂತ ಮಾಡಿದ್ದಲ್ಲ. ಈಗಲಾದ್ರೂ ನಂಬ್ತೀಯಾ?"

ಅಮ್ಮ ಸೌಟು ಕೆಳಗಿಟ್ಟಳು. "ಅವತ್ತು ಸಿಟ್ಟಲ್ಲಿ ಅಂದ್ಬಿಟ್ಟೆ ಅತ್ತೆ. ಆಮೇಲೆ ನನಗೇ ಗೊತ್ತಾಯ್ತು. ನೀವು ಬೇಕಂತ ಮಾಡೋರಲ್ಲ."

"ಮತ್ತೆ? ಇಷ್ಟು ದಿನ ಯಾಕೆ ಮುಖ ಊದಿಸ್ಕೊಂಡು..."

"ಕಡ್ಡಿ ಇಲ್ದೇ ಇದ್ದದ್ದು ನೋಡಿ, ಇವಳು ಬಿಟ್ಟುಬಿಟ್ಟಳು ಅಂತ ನಂಬಿದ್ರಲ್ಲ. ತಿಂಗಳಿಡೀ ನಿಮ್ಮ ಪಕ್ಕದಲ್ಲೇ ಕೂತು ಹೆಣೀತಿದ್ದೆ. ಯಾಕೆ ಬಿಟ್ಟಳು ಅಂತ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ಲ ನಿಮಗೆ. ಗುಬ್ಬಿಗೂ ಅನ್ನಿಸ್ಲಿಲ್ಲ. ಇವರಂತೂ ಬಿಡಿ. ಯಾರಿಗೂ ಆಶ್ಚರ್ಯಾನೇ ಆಗ್ಲಿಲ್ಲ."

ಒಲೆಯ ಮೇಲೆ ಪಲ್ಯ ತಳ ಹಿಡಿಯುವ ವಾಸನೆ ಬಂತು. ಅಮ್ಮ ತಿರುಗಿ ಉರಿ ಸಣ್ಣ ಮಾಡಿದಳು. "ಬನ್ನಿ, ಊಟಕ್ಕೆ," ಅಂದಳು. ಸಿಂಕು ಹಾಗೇ ಕಟ್ಟಿಕೊಂಡಿತ್ತು. ಅಪ್ಪನಿಗೆ ಆ ಕಡ್ಡಿಗಳನ್ನು ಮತ್ತೆ ಮುಟ್ಟುವ ಧೈರ್ಯ ಬರಲಿಲ್ಲ. ಪಾತ್ರೆಗಳನ್ನು ಅವನೇ ಬಚ್ಚಲಿಗೆ ಹೊತ್ತುಕೊಂಡು ಹೋಗಿ, ಕುಕ್ಕರುಗಾಲಲ್ಲಿ ಕೂತು ತೊಳೆದ. ನೀರು ಸರಾಗ ಹೋಗುತ್ತಿತ್ತು.

ಊಟದ ಮೇಲೆ ಅಮ್ಮ ಬಟ್ಟೆ ತರಲು ಟೆರೇಸಿಗೆ ಹೋದಳು. ಅಜ್ಜಿ ನನ್ನ ಕೈಲಿ ಅತ್ತೆಗೆ ಫೋನು ಮಾಡಿಸಿದಳು. ಅತ್ತೆ ಅಂದರೆ ಅಪ್ಪನ ತಂಗಿ, ಹೆರಿಗೆಗೆ ದಿನ ಕಾಯುತ್ತಿರುವವಳು. ಸ್ಪೀಕರಿನಲ್ಲಿ ಅವಳ ದನಿ ಜೊತೆ ಫ್ಯಾನಿನ ಸದ್ದೂ ಬಂತು.

"ಮಗೂದು ಉಣ್ಣೆ ಬಟ್ಟೆ ಅಂಗಡೀಲೇ ತಗೋಬೇಕಾಗುತ್ತೆ ಕಣೇ," ಅಜ್ಜಿ ತಡವರಿಸಿದಳು. "ಇಲ್ಲಿ ಈ ಸಲ ಆಗ್ತಿಲ್ಲ. ಬೇಜಾರು ಮಾಡ್ಕೋಬೇಡ."

"ಉಣ್ಣೆದಾ? ಅಮ್ಮಾ, ಇಲ್ಲಿ ಎಂಥ ಸೆಕೆ ಅಂತೀಯ! ಬನಿಯನ್ ಹಾಕಿದ್ರೂ ಮಗು ಬೆಂದುಹೋಗುತ್ತೆ. ನಾನು ಯಾವಾಗ ಕೇಳಿದೆ ಉಣ್ಣೆ ಬಟ್ಟೆ?"

ಅಜ್ಜಿ ದಿಂಬನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಅಮ್ಮಾ? ಇದೀಯಾ? ಆಮೇಲೆ ಮಾಡ್ತೀನಿ, ಬಾಗಿಲು ಬಡೀತಿದಾರೆ."

ಫೋನು ಕಟ್ಟಾಯಿತು. ಅಜ್ಜಿ ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. "ನಾನು ಇದನ್ನೂ ಕಳಿಸದಿದ್ರೆ," ಅಂದಳು, "ಆ ಮಗೂಗೆ ಇಲ್ಲೊಬ್ಬಳು ಅಜ್ಜಿ ಇದಾಳೆ ಅಂತ ಹೇಗೆ ಗೊತ್ತಾಗುತ್ತೆ?" ನಾನು ಅವಳ ಪಕ್ಕ ಮಂಚದ ಮೇಲೆ ಕೂತೆ. ಅವಳು ದಿಂಬಿನ ಕೆಳಗಿಂದ ಟೋಪಿ ತೆಗೆದು, ಗಂಟು ಹುಡುಕಿ, ಹಲ್ಲಲ್ಲಿ ಕಡಿದು, ಬಿಚ್ಚತೊಡಗಿದಳು. ಟೋಪಿ ಎರಡೂ ಅಂಗೈ ನಡುವೆ ಸಣ್ಣದಾಗುತ್ತಾ ಹೋಗಿ ಮಾಯವಾಯಿತು.

ಅಮ್ಮ ಬಟ್ಟೆಯ ರಾಶಿ ಹೊತ್ತುಕೊಂಡು ಇಳಿದು ಬಂದಾಗ ಅಜ್ಜಿ ಉಂಡೆ ಸುತ್ತುತ್ತಿದ್ದಳು. ಅಮ್ಮ ನೋಡಿದಳು. ಮಂಚದ ಆ ತುದಿಗೆ ಕೂತು ಬಟ್ಟೆ ಮಡಿಸತೊಡಗಿದಳು.

"ಒಂದು ಮಾತು ಹೇಳ್ತೀನಿ," ಅಜ್ಜಿ ಅಂದಳು. "ಕೇಳ್ಲಿಲ್ಲ ಅಂದ್ಯಲ್ಲ, ಅದು ನಿಜ. ಆದ್ರೆ ಬಿಚ್ಚೋವಾಗ ನನ್ನ ಕೈಗೆ ಇನ್ನೊಂದು ಗೊತ್ತಾಯ್ತು. ಬೆನ್ನು ಕಿರಿದಾಗಿತ್ತು. ಆಗ್ತಿರ್ಲಿಲ್ಲ ನಿನಗೆ. ಅದಕ್ಕೇ ಬೇಜಾರಾಗಿ ಬಿಟ್ಟು, ಮಗೂಗೆ ಅಂತ ಕೊಟ್ಟಿರ್ಬೇಕು ಅಂದ್ಕೊಂಡೆ."

ಅಮ್ಮನ ಕೈ ನಿಂತಿತು. "ಕಿರಿದಾಗಿತ್ತಾ?"

"ಈ ಕಡೆ ಎರಡು ಬೆರಳು, ಆ ಕಡೆ ಎರಡು ಬೆರಳು. ಎಲ್ಲರದ್ದೂ ಕಣ್ಣಳತೇಲಿ ಹೆಣೆಯೋಳು, ನಿನ್ನದೇ ತಪ್ಪಿಸ್ಕೊಂಡಿದೀಯಲ್ಲೇ. ಯಾರು ಅಳೆದದ್ದು?"

"ಯಾರು ಅಳೀತಾರೆ? ನಾನೇ. ಕಪಾಟಿಗೆ ಸಿಕ್ಕಿಸ್ಕೊಂಡು."

ನಾನು ಕಪಾಟಿನ ಕಡೆ ನೋಡಲಿಲ್ಲ. ಒಂದು ಟವೆಲ್ಲು ಎತ್ತಿಕೊಂಡು ಮಡಿಸಿದೆ. ಸೊಟ್ಟಗಾಯಿತು. ಅಮ್ಮ ಅದನ್ನು ಎಳೆದುಕೊಂಡು ಮತ್ತೆ ಮಡಿಸಿದಳು.

"ಲಾಂಡ್ರೀಲಿ ಹೇಳ್ಬಿಟ್ಟಿದೀನಿ," ಅಮ್ಮ ಟವೆಲ್ಲಿಗೆ ಹೇಳುವವಳ ಹಾಗೆ ಅಂದಳು, "ತೋಳು ಶುರು ಮಾಡಿದೀನಿ ಅಂತ."

"ಅಯ್ಯೋ ನನ್ನ ತಾಯಿ! ತೋಳಾ?" ಅಜ್ಜಿಯ ಬಾಯಿಂದ ನಗು ಹಾರಿತು. ಅಮ್ಮನಿಗೂ ಬಂತು. ಆದರೆ ಅರ್ಧಕ್ಕೇ ನಿಂತು, ಅವಳು ಕಣ್ಣು ಒರೆಸಿಕೊಂಡಳು. ಬಾಗಿಲಲ್ಲಿ ಅಪ್ಪ ಒದ್ದೆ ಕೈಯಲ್ಲಿ ನಿಂತು, ಒಳಗೆ ಬರಬಹುದೋ ಬೇಡವೋ ಅಂತ ನೋಡುತ್ತಿದ್ದ.

"ಈ ಕಡ್ಡಿ ಇನ್ನು ಸಿಂಕಿಗೇ ಸರಿ," ಅಜ್ಜಿ ಅಂದಳು. "ಹೊಸದು ತಗೋಬೇಕು. ನಾಳೆ ನಿನ್ನ ಲಾಂಡ್ರೀಲಿ ಎಷ್ಟು ಗಂಟೆಗೆ ಬಿಡ್ತಾರೆ?"

"ಐದಕ್ಕೆ. ಯಾಕೆ?"

"ಉಣ್ಣೆ ಅಂಗಡಿ ಹತ್ರ ಬಾ. ನಾನೂ ಬರ್ತೀನಿ. ಅಲ್ಲಿ ಒಳ್ಳೇ ಬೆಳಕಿರುತ್ತೆ, ದೊಡ್ಡ ಕನ್ನಡಿ ಇದೆ. ನೆಟ್ಟಗೆ ನಿಂತ್ಕೋ, ನಾನು ಅಳೀತೀನಿ. ಅಂಕಿ ಗುಬ್ಬಿ ನೋಡಲಿ."

"ನಾನಿರ್ತೀನಿ," ಅಂದೆ. "ಕಾಲೇಜಿಂದ ಸೀದಾ ಅಲ್ಲಿಗೇ."

"ನೀವು ಮೆಟ್ಟಿಲಿಳಿದು ಎಷ್ಟು ಕಾಲ ಆಯ್ತು ಅತ್ತೆ? ಆ ಮಂಡಿ ಇಟ್ಕೊಂಡು? ಬೇಡ. ಇಲ್ಲೇ ಅಳೆದ್ರಾಯ್ತು."

"ಇಲ್ಲಿ ಕೂತ್ರೆ ಯಾರಾದ್ರೂ ಅನ್ನ ಕೇಳ್ತಾರೆ, ಯಾರಾದ್ರೂ ಗುಂಡಿ ಹಚ್ಚು ಅಂತಾರೆ. ಅಲ್ಲೇ ಆಗ್ಲಿ."

"ಮೂರು ಮಹಡಿ ಅತ್ತೆ."

"ನಾಲ್ಕಕ್ಕೇ ಇಳಿಯೋಕೆ ಶುರು ಮಾಡ್ತೀನಿ," ಅಜ್ಜಿ ಉಂಡೆಯ ತುದಿ ಸಿಕ್ಕಿಸಿದಳು. "ನೀನು ಮಾತ್ರ ತಡ ಮಾಡ್ಬೇಡ."